ಹಳೇ ರೈಫಲ್ಲಿನ ಆರೈಕೆ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಕಬ್ಬು, ಗೊಬ್ಬರ, ಸಾಲ ವಸೂಲಿ ಬಗ್ಗೆ ಹಿಂದಿನವರು ಸಾಕಷ್ಟು ಹೇಳಿದರು. ನಮಗೆ ಕೊಟ್ಟ ವಿಷಯ ಬ್ಯಾರೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಬಂದೂಕುಗಳು ಸದಸ್ಯರ ಕೆಲವು ಮನೆಗಳಲ್ಲಿ ಅದಾವ. ಮಹಾನವಮಿಯ ಖಂಡೆಪೂಜೆಗೆ ಹೊರಗ ತಗದು, ವಿಭೂತಿ ಹಚ್ಚಿ, ಹೂವು ಏರಿಸಿ ಮತ್ತ ಒಳಗ ಇಡತೇವಿ. ಪೂಜಿ ಆತು, ಒಳಗಿನ ತುಕ್ಕು ಹಂಗ ಉಳೀತು.

ಆಯುಧದ ಮಾತು ನಮ್ಮ ಸೀಮೆಗೆ ಹೊಸದಲ್ಲ. 1857ರಲ್ಲಿ ಆಯುಧ ಒಪ್ಪಿಸಿರಿ ಎಂಬ ಕಾಯ್ದೆ ಬಂದಾಗ ಇಲ್ಲೇ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪಲಿಲ್ಲ. 19 ಮಂದಿ ಗಲ್ಲಿಗೇರಿದರು. ಅಂಥಾ ಬೆಲೆಯ ವಸ್ತು ಅದು.

ಸೈನ್ಯದವರು, ಎನ್‌ಸಿಸಿಯವರು ಹಿಡಿದ .303 ರೈಫಲ್ಲು ನಮ್ಮಂಥವರಿಗೆ ಸಿಗೋದಿಲ್ಲ, ಅದು ನಿಷೇಧಿತ ಬೋರು. ಈಶಾಪುರ ಕಾರ್ಖಾನೆಯ .315 ರೈಫಲ್ಲು ಅದರದೇ ತಮ್ಮ ಇದ್ದಂಗ. ಬೋಲ್ಟು, ಕುದುರೆ, ಕಟ್ಟಿಗೆ ಎಲ್ಲಾ ಅದೇ ಮಾದರಿ. ಹಂಗಾಗಿ ಹಳೇ ಸಿಪಾಯಿಗಳ ಪದ್ಧತಿ ಇದಕ್ಕೂ ನಡೀತೈತಿ.

ಮೊದಲು ಮ್ಯಾಗಜೀನು ತಗೀರಿ, ಬೋಲ್ಟು ಬಿಚ್ಚಿರಿ, ಕಾಡತೂಸು ಇಲ್ಲೆಂದು ಕಣ್ಣಿಂದ ನೋಡಿ ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿರಿ. ಹುಡುಗರನ್ನು ದೂರ ಕಳಸ್ರಿ. ಆಮ್ಯಾಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ನಳಿಗೆಯೊಳಗ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರತೈತಿ. ಅದನ್ನು ನೋಡದೆ ಹಾರಿಸಿದರೆ ನಳಿಗೆ ಸೀಳಿ ಹಾರಿಸಿದವನ ಮುಖಕ್ಕೇ ಬರತೈತಿ.

ತುಕ್ಕು ಯಾಕ ಹಿಡೀತೈತಿ ಅಂದ್ರ, ಹಳೇ ಕಾಡತೂಸಿನ ಬುಡದ ಕ್ಯಾಪಿನ ಮದ್ದು ಸುಟ್ಟ ಮ್ಯಾಲೆ ಒಳಗ ಒಂದು ನಮೂನೆಯ ಉಪ್ಪು ಉಳೀತೈತಿ. ಮಳೆಗಾಲದಾಗ ಅಡಗಿಮನಿ ಉಪ್ಪು ಬೆವರೂದಿಲ್ಲೇನ್ರಿ? ಅದೂ ಹಂಗ ನೀರು ಎಳೀತೈತಿ. ಉಪ್ಪು ಎಣ್ಣಿಗೆ ಕರಗೂದಿಲ್ಲ, ನೀರಿಗೆ ಕರಗತೈತಿ. ಅದಕ್ಕ ಸಿಪಾಯಿಗಳು ಕುದಿಯುವ ನೀರನ್ನು ಹಿಂದಿನಿಂದ ಲಾಳಿಕೆ ಇಟ್ಟು ಸುರೀತಿದ್ದರು. ಕಾದ ಕಬ್ಬಿಣ ಬೇಗ ಒಣಗತೈತಿ. ನಂತರ ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಸಿಕ್ಕಿಸಿ ಹಿಂದಿನಿಂದ ಮುಂದಕ್ಕೆ ಎಳೆಯಬೇಕು. ಚಿಂದಿ ಬೆಳ್ಳಗ ಬರೂತನಕ ಎಳೆದು, ಕಡೆಗೆ ತೆಳ್ಳಗೆ ಎಣ್ಣಿ. ಹಾರಿಸುವ ಮುಂಚೆ ಆ ಎಣ್ಣಿಯನ್ನೂ ಒರೆಸಬೇಕು.

"ಕುದುರೆ ಬೀಳತೈತಿ, ಗುಂಡು ಹಾರೂದಿಲ್ಲ" ಅಂತ ಒಬ್ಬರು ಕೇಳಿದರು. ಬಹಳ ಸಲ ಬೋಲ್ಟಿನ ಒಳಗ ಹಳೇ ಗ್ರೀಸು ಬೆಲ್ಲದ ಪಾಕದಂಗ ಗಟ್ಟಿಯಾಗಿ ಸ್ಪ್ರಿಂಗಿನ ಜೋರು ಕಡಿಮಿ ಮಾಡಿರತೈತಿ. ಸೀಮೆಎಣ್ಣಿಯಿಂದ ತೊಳೆದರೆ ಸರಿ ಹೋದೀತು. ಆದರೆ ಗುಂಡು ಹಾರದಿದ್ದ ಕೂಡಲೇ ಬೋಲ್ಟು ತೆಗೀಬ್ಯಾಡ್ರಿ. ಬಾಯಿ ನಿರ್ಭಯದ ದಿಕ್ಕಿಗೆ ಹಿಡಿದು ಒಂದು ನಿಮಿಷ ತಡೀರಿ, ತಡವಾಗಿ ಹಾರುವುದುಂಟು. ಖಾಲಿ ಕಾಡತೂಸು ಹೊರಗ ಬರಲಿಲ್ಲ ಅಂತ ಕಲ್ಲಿಂದ ಬಡಿಯುವ ಶಾಣ್ಯಾರೂ ನಮ್ಮಲ್ಲಿ ಅದಾರ! ಅದು ಚೇಂಬರಿನ ಹೊಲಸು, ಒರೆಸಿದರೆ ಮುಗೀತು.

ಇನ್ನೊಂದು. ಒಂದರ ಬೋಲ್ಟು ಇನ್ನೊಂದಕ್ಕೆ ಹಾಕಬಾರದು. ಎರಡರ ಮೇಲೂ ನಂಬರು ಹೊಡೆದಿರತಾರ, ಕೂಡಿಸಿ ನೋಡ್ರಿ. ಕೂಡದಿದ್ದರೆ ಬೋಲ್ಟಿಗೂ ಕಾಡತೂಸಿಗೂ ನಡುವೆ ಸಂದು ಉಳಿದು, ಕಾಡತೂಸು ಒಡೆದು ಬೆಂಕಿ ಹಿಂದಕ್ಕ ಕಣ್ಣಿಗೆ ಬಂದೀತು. ಇದು ಮನಿಯಾಗ ಮಾಡೋ ರಿಪೇರಿ ಅಲ್ಲ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕಡೆ ಒಯ್ಯಬೇಕು.

ಕಟ್ಟಿಗೆಗೆ ವಾರ್ನಿಶ್ ಬ್ಯಾಡ. ಬ್ರಿಟಿಷ್ ಸೈನ್ಯದವರು ಉಜ್ಜುತ್ತಿದ್ದದ್ದು ಹಸಿ ಅಗಸೆ ಎಣ್ಣಿ, ಅದು ನಮ್ಮ ಯರಿ ಹೊಲದ ಮಾಲು! ತೊಗಲಿನ ಚೀಲದಾಗ ಇಡಬ್ಯಾಡ್ರಿ, ತೊಗಲು ತೇವ ಹಿಡೀತೈತಿ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸುವುದುಂಟು. ಕೊಡುವ ಮುಂಚೆ ಎಣ್ಣಿ ಹಚ್ಚಿ, ಪಾವತಿ ತಗೊಂಡು, ತಿರುಗಿ ಬಂದ ದಿನವೇ ಮತ್ತೆ ಒರೆಸಿರಿ. 2019ರ ತಿದ್ದುಪಡಿಯಿಂದ ಲೈಸೆನ್ಸು 5 ವರ್ಷಕ್ಕೊಮ್ಮೆ ನವೀಕರಣ. ಲೈಸೆನ್ಸುದಾರರು ತೀರಿಕೊಂಡರೆ ಮಕ್ಕಳು ಕೂಡಲೇ ತಿಳಿಸಿ ಬಂದೂಕು ಒಪ್ಪಿಸಬೇಕು, ಆಮ್ಯಾಲೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಕಾಗದ ಬರೆಯಲು ಬಾರದವರು ಯಾವುದೇ ಸೋಮವಾರ ಸಂಘದ ಕಚೇರಿಗೆ ಬರ್ರಿ, ನಾವು ಬರೆದುಕೊಡತೇವಿ. ಬಂದೂಕು ಮಾತ್ರ ಮನಿಯಾಗ ಇಟ್ಟು ಬರ್ರಿ.