ಹಬ್ಬದ ಮನೆಯ ಮಕ್ಕಳು



1982ರ ದೆಹಲಿ ಏಷ್ಯಾಡ್, ಅಂದರೆ ಏಷ್ಯನ್ ಕ್ರೀಡಾಕೂಟ, ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಎಷ್ಟೋ ವರ್ಷಗಳಿಂದ ಸಿಕ್ಕಸಿಕ್ಕವರಿಗೆಲ್ಲ ನಾನು ಈ ಪ್ರಶ್ನೆ ಕೇಳುತ್ತ ಬಂದಿದ್ದೇನೆ. ರೈಲಿನಲ್ಲಿ ಎದುರಿಗೆ ಕೂತವರಿಗೆ ಕೇಳಿದ್ದೇನೆ, ಮದುವೆಯೂಟದಲ್ಲಿ ಪಕ್ಕದ ಎಲೆಯವರಿಗೂ ಕೇಳಿದ್ದೇನೆ. ವಯಸ್ಸಾದವರಾದರೆ ಮುಖ ಅರಳಿಸಿಕೊಂಡು ‘ಅಪ್ಪು! ಆನೆಮರಿ ಅಪ್ಪು!’ ಅನ್ನುತ್ತಾರೆ, ಕೂಟದ ಲಾಂಛನ ಅದು. ಆಮೇಲೆ ಬಣ್ಣದ ಟಿ.ವಿ. ಬಂದ ಸುದ್ದಿ. ಅದೂ ಮುಗಿದ ಮೇಲೆ ದನಿ ತಗ್ಗಿಸಿ, ಪಾಕಿಸ್ತಾನದ ಮೇಲೆ ಹಾಕಿಯಲ್ಲಿ ಸೋತಿದ್ದು, ಏಳು–ಒಂದು. ಅಲ್ಲಿಗೆ ಮಾತು ನಿಲ್ಲುತ್ತದೆ. ಗೆದ್ದವರ ಹೆಸರು ಒಂದಾದರೂ ಹೇಳಿ ಅಂದರೆ ಬಹಳ ಮಂದಿ ಪಿ.ಟಿ. ಉಷಾ ಅನ್ನುತ್ತಾರೆ. ಉಷಾ ಆಗ ಗೆದ್ದದ್ದು ಎರಡು ಬೆಳ್ಳಿ. ಚಿನ್ನ ಗೆದ್ದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ನಮ್ಮ ಕಡೆ ಮದುವೆ ಮನೆಯಲ್ಲಿ ಮನೆಯವರು ಊಟಕ್ಕೆ ಕೂರುವುದು ಕಡೆಯ ಪಂಕ್ತಿಯಲ್ಲಿ. ಬಂದವರದೆಲ್ಲ ಆಗಬೇಕು, ಆಮೇಲೆ ನಾವು. ಭಾರತ ಎರಡು ಸಲ ಇಡೀ ಏಷ್ಯಾವನ್ನು ತನ್ನ ಮನೆಗೆ ಕರೆದು ಆಟದ ಹಬ್ಬ ಮಾಡಿತು, 1951ರಲ್ಲಿ ಒಮ್ಮೆ, 1982ರಲ್ಲಿ ಒಮ್ಮೆ. ಎರಡೂ ಸಲ ಮನೆಯ ಮಕ್ಕಳು ಕಡೆಯ ಪಂಕ್ತಿಯಲ್ಲೇ ಉಳಿದುಬಿಟ್ಟರು. ನೆನಪು ಅವರವರೆಗೆ ಹೋಗುವಷ್ಟರಲ್ಲಿ ಬಡಿಸುವುದಕ್ಕೆ ಏನೂ ಉಳಿದಿರಲಿಲ್ಲ. ಈ ಹೊತ್ತು ಅವರ ಮಾತು.

ಮೊದಲು ನಿಮ್ಮನ್ನು ಕಾಶಿಗೆ ಕರೆದುಕೊಂಡು ಹೋಗಬೇಕು. 1930. ಉಪ್ಪಿನ ಸತ್ಯಾಗ್ರಹದ ಕಾವು. ಗಂಗೆಯ ಘಾಟಿನಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಲಾಠಿ ಬೀಸಿದರು. ಗುಂಪಿನಲ್ಲಿದ್ದ ಹತ್ತು ವರ್ಷದ ಹುಡುಗನೊಬ್ಬ ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ. ಅದೇ ಹೊತ್ತಿಗೆ ಹೊಳೆಯಲ್ಲಿ ಹತ್ತು ಕಿಲೋಮೀಟರಿನ ಈಜುಪಂದ್ಯ ನಡೆಯುತ್ತಿತ್ತಂತೆ. ಹುಡುಗ ಈಜುಗಾರರ ನಡುವೆ ಸೇರಿಕೊಂಡ. ದಡಕ್ಕೆ ಬಂದರೆ ಲಾಠಿ, ನೀರಲ್ಲಿದ್ದರೆ ಉಸಿರು. ಈಜುತ್ತಲೇ ಹೋದ. ಪಂದ್ಯ ಮುಗಿದಾಗ ನೋಡಿದರೆ ಅವನು ಮೂರನೆಯವನು! ಈಜನ್ನು ಬಲ್ಲವರು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಆ ಹುಡುಗನ ಹೆಸರು ಸಚಿನ್ ನಾಗ್. ಕಾಶಿಯಲ್ಲಿ ಹುಟ್ಟಿದ ಬಂಗಾಳಿ. ಮುಂದೆ ಕಲ್ಕತ್ತೆಗೆ ಹೋದ, ಅಲ್ಲಿ ಹಾತ್‌ಖೋಲಾ ಕ್ಲಬ್ಬಿನಲ್ಲಿ ಪಳಗಿದ, ದೇಶದ ಅತಿ ವೇಗದ ಈಜುಗಾರರಲ್ಲಿ ಒಬ್ಬನಾದ. 1947ರಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಗಲಭೆ ಹಬ್ಬಿದಾಗ ಅವನ ಕಾಲಿಗೆ ಗುಂಡು ಬಿತ್ತು. ಮತ್ತೆ ಈಜುವ ಮಟ್ಟಕ್ಕೆ ಬರಲು ಎರಡು ವರ್ಷ ಬೇಕಾದೀತು ಅಂದರು ವೈದ್ಯರು. ಈಜುಗಾರನಿಗೆ ಕಾಲೆಂದರೆ ಏನು ಅಂತ ಯೋಚಿಸಿ. ನೀರನ್ನು ಒದೆಯುವುದು ಅದರಿಂದಲೇ, ಕೊಳದ ಗೋಡೆಯನ್ನು ಒತ್ತಿ ತಿರುಗುವುದೂ ಅದರಿಂದಲೇ. ಆದರೂ ಮರುವರ್ಷವೇ, 1948ರಲ್ಲಿ, ಅವರು ಲಂಡನ್ ಒಲಿಂಪಿಕ್ಸ್‌ನ ಕೊಳದಲ್ಲಿದ್ದರು. ನೂರು ಮೀಟರ್ ಫ್ರೀಸ್ಟೈಲ್ ಈಜಿದರು, ವಾಟರ್ ಪೋಲೋ ತಂಡದಲ್ಲೂ ಆಡಿದರು.

ಇನ್ನು ದೆಹಲಿಗೆ ಬರೋಣ.

ಏಷ್ಯಾದ ದೇಶಗಳೆಲ್ಲ ಒಂದೆಡೆ ಸೇರಿ ಆಡಬೇಕು ಎಂಬ ಕನಸು ಗುರುದತ್ತ ಸೋಂಧಿ ಅವರದು. ಲಾಹೋರಿನ ಗವರ್ನ್‌ಮೆಂಟ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. 1934ರಲ್ಲೇ ಅವರು ನಾಲ್ಕು ನಾಡುಗಳನ್ನು ಸೇರಿಸಿ ಪಶ್ಚಿಮ ಏಷ್ಯಾದ ಕೂಟವೊಂದನ್ನು ನಡೆಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಓಡಾಡಿದರು, ಪತ್ರ ಬರೆದರು, ಕೈಕಾಲು ಹಿಡಿದು ಒಪ್ಪಿಸಿದರು. 1949ರ ಫೆಬ್ರವರಿಯಲ್ಲಿ ದೆಹಲಿಯ ಪಟಿಯಾಲಾ ಹೌಸಿನಲ್ಲಿ ಏಷ್ಯಾದ ಒಕ್ಕೂಟ ಹುಟ್ಟಿತು. ಮರುವರ್ಷ ಆಟ ನಡೆಯಬೇಕಿತ್ತು, ನಡೆಯಲಿಲ್ಲ. ದುಡ್ಡಿಲ್ಲ, ಸಾಮಾನಿಲ್ಲ, ತಯಾರಿಯಿಲ್ಲ. ದೇಶ ಆಗಷ್ಟೇ ಎರಡಾಗಿತ್ತು, ನಿರಾಶ್ರಿತರ ಶಿಬಿರಗಳಿದ್ದ ಊರು ದೆಹಲಿ. ಕಡೆಗೆ ಆಂಥನಿ ಡಿ ಮೆಲ್ಲೊ ಹೆಗಲು ಕೊಟ್ಟರು. ಕ್ರಿಕೆಟ್ಟಿನವರು, ಹಿಡಿದ ಕೆಲಸ ಬಿಡದವರು. ಇರ್ವಿನ್ ಆಂಫಿಥಿಯೇಟರ್ ‘ನ್ಯಾಷನಲ್ ಸ್ಟೇಡಿಯಂ’ ಆಯಿತು. ಬಂದ ಆಟಗಾರರಿಗೆ ಸೇನೆಯ ಬ್ಯಾರಕ್‌ಗಳಲ್ಲಿ ಬಿಡಾರ. 1951ರ ಮಾರ್ಚ್ 4ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಮೊದಲ ಏಷ್ಯನ್ ಕ್ರೀಡಾಕೂಟವನ್ನು ಉದ್ಘಾಟಿಸಿದರು. 11 ದೇಶಗಳು, 489 ಆಟಗಾರರು. ಯುದ್ಧದಲ್ಲಿ ಸೋತು, 1948ರ ಒಲಿಂಪಿಕ್ಸ್‌ಗೆ ಕರೆಯೇ ಇಲ್ಲದೆ ಹೊರಗುಳಿದಿದ್ದ ಜಪಾನೀಯರೂ ಬಂದರು. ಅವರನ್ನು ಬರಮಾಡಿಕೊಂಡದ್ದು ಕೇವಲ ಹದಿಮೂರು ತಿಂಗಳ ನಮ್ಮ ಗಣರಾಜ್ಯ. ಬಡವರ ಮನೆಯ ಹಬ್ಬ ಅದು, ಆದರೆ ಬಾಗಿಲು ದೊಡ್ಡದಿತ್ತು.

ಆ ಕೂಟದ ಈಜುಕೊಳದಲ್ಲಿ, ಗುಂಡು ಹೊಕ್ಕಿದ್ದ ಕಾಲಿನ ಸಚಿನ್ ನಾಗ್, ನೂರು ಮೀಟರ್ ಫ್ರೀಸ್ಟೈಲ್ ಈಜಿ ಗೋಡೆ ಮುಟ್ಟಿದಾಗ ಗಡಿಯಾರದಲ್ಲಿ 1 ನಿಮಿಷ 4.7 ಸೆಕೆಂಡ್. ಏಷ್ಯನ್ ಕೂಟಗಳಲ್ಲಿ ಭಾರತ ಗೆದ್ದ ಮೊಟ್ಟಮೊದಲ ಚಿನ್ನ ಅದು. ಆಗ ಅವರ ವಯಸ್ಸು ಮೂವತ್ತು. ರಿಲೇಗಳಲ್ಲಿ ಇನ್ನೆರಡು ಕಂಚೂ ಬಂದವು. ಹತ್ತರ ವಯಸ್ಸಿನಲ್ಲಿ ಲಾಠಿಗೆ ಹೆದರಿ ನೀರಿಗಿಳಿದ ಹುಡುಗ, ತನ್ನದೇ ದೇಶದ ರಾಜಧಾನಿಯಲ್ಲಿ, ತನ್ನದೇ ಬಾವುಟದ ಕೆಳಗೆ ನೀರಿನಿಂದ ಮೇಲೆ ಬಂದ. ಇಂಥದ್ದು ಮನೆಯಂಗಳದಲ್ಲೇ ಆಗಬೇಕು ಅನ್ನಿಸುತ್ತದೆ ನನಗೆ, ಬೇರೆಲ್ಲಿ ಆದರೂ ಅದರ ತೂಕ ಅಷ್ಟಾಗುವುದಿಲ್ಲ.

ಉಳಿದ ಪದಕಗಳನ್ನು ಬೇಗ ಹೇಳಿಬಿಡುತ್ತೇನೆ. ಲೆವಿ ಪಿಂಟೊ ನೂರು ಮೀಟರ್, ಇನ್ನೂರು ಮೀಟರ್ ಎರಡನ್ನೂ ಗೆದ್ದು ಏಷ್ಯಾದ ಅತಿ ವೇಗದ ಮನುಷ್ಯ ಅನ್ನಿಸಿಕೊಂಡರು. ರಂಜಿತ್ ಸಿಂಗ್ ಎಂಟುನೂರು, ನಿಕ್ಕಾ ಸಿಂಗ್ ಸಾವಿರದೈನೂರು, ಛೋಟಾ ಸಿಂಗ್ ಮ್ಯಾರಥಾನ್. ಕೆ.ಪಿ. ಠಕ್ಕರ್ ಡೈವಿಂಗ್‌ನಲ್ಲಿ ಎರಡು ಚಿನ್ನ. ವಾಟರ್ ಪೋಲೋದಲ್ಲೂ ಚಿನ್ನ. ಒಟ್ಟು 15 ಚಿನ್ನ, 16 ಬೆಳ್ಳಿ, 20 ಕಂಚು. ಪದಕಪಟ್ಟಿಯಲ್ಲಿ ಜಪಾನಿನ ಹಿಂದೆಯೇ ಎರಡನೆಯ ಸ್ಥಾನ.

ಫುಟ್‌ಬಾಲ್ ಬಗ್ಗೆ ಮಾತ್ರ ಅವಸರ ಮಾಡಲಾರೆ, ಅದರಲ್ಲಿ ನಮ್ಮ ಬೆಂಗಳೂರಿನ ಪಾಲಿದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಕೋಚ್, ಶೈಲೇನ್ ಮನ್ನಾ ಕ್ಯಾಪ್ಟನ್. ಇಂಡೋನೇಷ್ಯಾ ಮೇಲೆ ಮೂರು ಗೋಲು, ಅಫ್ಘಾನಿಸ್ತಾನದ ಮೇಲೆ ಮೂರು ಗೋಲು, ಫೈನಲ್‌ನಲ್ಲಿ ಇರಾನಿನ ಮೇಲೆ ಒಂದೇ ಒಂದು ಗೋಲು. ಹೊಡೆದವರು ಸಾಹು ಮೇವಾಲಾಲ್. ಆ ತಂಡದಲ್ಲಿದ್ದ ಅಹಮದ್ ಖಾನ್ ಬೆಂಗಳೂರಿನಲ್ಲಿ ಹುಟ್ಟಿದವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಲು ಹೋದರು, ಅಲ್ಲಿನ ಮುನ್ಪಡೆಯ ಐವರನ್ನು ಜನ ‘ಪಂಚಪಾಂಡವರು’ ಎಂದೇ ಕರೆದರು. ಅವರಲ್ಲಿ ಒಬ್ಬರು ಅಹಮದ್. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮ್ಮ ಮೇಲೆ ಹತ್ತು ಗೋಲು ಹಾಕಿತು. ಭಾರತದ ಒಂದು ಗೋಲು ಅಹಮದ್ ಅವರದು. 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಏಷ್ಯಾದ ಮೊದಲ ಫುಟ್‌ಬಾಲ್ ಚಿನ್ನವನ್ನು ಕೊರಳಿಗೆ ಹಾಕಿಕೊಂಡ ಮನುಷ್ಯ ಅಷ್ಟು ವರ್ಷ ನಮ್ಮ ನಡುವೆ ಇದ್ದರು, ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಹೆಣ್ಣುಮಕ್ಕಳಿಗೆ ಆ ಕೂಟದಲ್ಲಿ ಅಥ್ಲೆಟಿಕ್ಸ್ ಒಂದೇ ಇದ್ದದ್ದು. ಅದರಲ್ಲೇ ರೋಷನ್ ಮಿಸ್ತ್ರಿ ನೂರು ಮೀಟರಿನಲ್ಲಿ ಬೆಳ್ಳಿ ತಂದರು, ಮೇರಿ ಡಿಸೋಜಾ ಇನ್ನೂರರಲ್ಲಿ ಕಂಚು. ರಿಲೇಯಲ್ಲಿ ಮತ್ತೊಂದು ಬೆಳ್ಳಿ. ಹೆಣ್ಣುಮಕ್ಕಳು ಓಡುವುದನ್ನು ನೋಡಿ ನಗುವವರೇ ಹೆಚ್ಚಿದ್ದ ಕಾಲದಲ್ಲಿ!

ಮುಂದಿನ ಮೂವತ್ತು ವರ್ಷ ಹಬ್ಬ ಬೇರೆಯವರ ಮನೆಗಳಲ್ಲಿ ನಡೆಯಿತು. ಮನಿಲಾ, ಟೋಕಿಯೊ, ಜಕಾರ್ತ, ಎರಡು ಸಲ ಬ್ಯಾಂಕಾಕ್, ಟೆಹರಾನ್, ಮತ್ತೆ ಬ್ಯಾಂಕಾಕ್. ಒಂದು ಮಾತು ಮಾತ್ರ ಹೇಳಬೇಕು. 1962ರಲ್ಲಿ ಜಕಾರ್ತ ಇಸ್ರೇಲ್ ಮತ್ತು ತೈವಾನಿನವರನ್ನು ಬರಗೊಡಲಿಲ್ಲ. ಇದು ಸರಿಯಲ್ಲ, ಇದನ್ನು ಏಷ್ಯನ್ ಕೂಟ ಅನ್ನುವುದಕ್ಕೇ ಬರುವುದಿಲ್ಲ ಎಂದು ಎದ್ದು ನಿಂತವರು ಅದೇ ಗುರುದತ್ತ ಸೋಂಧಿ. ಊರಿಗೆ ಊರೇ ತಿರುಗಿಬಿತ್ತು, ಭಾರತದ ರಾಯಭಾರ ಕಚೇರಿಗೆ ಗುಂಪು ನುಗ್ಗಿತು. ಸಾವಿರಾರು ಜನ ಛೀಮಾರಿ ಹಾಕುತ್ತಿದ್ದ ಮೈದಾನದಲ್ಲಿ ನಮ್ಮ ಫುಟ್‌ಬಾಲ್ ತಂಡ ಫೈನಲ್ ಆಡಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿತು. ಕೋಚ್ ಮತ್ತೆ ಅದೇ ರಹೀಂ ಸಾಹೇಬರು. ತವರಿನ ಜೈಕಾರದಲ್ಲಿ ಒಂದು ಚಿನ್ನ, ಪರವೂರಿನ ಧಿಕ್ಕಾರದಲ್ಲಿ ಒಂದು ಚಿನ್ನ. ಅವರ ಸಮಾನರು ನಮ್ಮ ಫುಟ್‌ಬಾಲಿನಲ್ಲಿ ಮತ್ತೆ ಬರಲಿಲ್ಲ.

1982. ಇದು ನಾನು ಕಂಡ ಏಷ್ಯಾಡ್. ಕಂಡದ್ದು ಅನ್ನುವುದಕ್ಕಿಂತ ಕೇಳಿದ್ದು. ನಮ್ಮ ತಂದೆ ರೈಲ್ವೆಯಲ್ಲಿದ್ದರು, ನಾವಿದ್ದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಟಿ.ವಿ. ಯಾರ ಮನೆಯಲ್ಲೂ ಇರಲಿಲ್ಲ, ಆಕಾಶವಾಣಿಯೇ ನಮಗೆ ಸ್ಟೇಡಿಯಂ. ಒಂದು ಸಂಜೆ 400 ಮೀಟರ್ ಹರ್ಡಲ್ಸ್‌ನಲ್ಲಿ ಎಂ.ಡಿ. ವಲ್ಸಮ್ಮ ಚಿನ್ನ ಗೆದ್ದರೆಂಬ ಸುದ್ದಿ ಬಂತು. ಕೇರಳದ ಕಣ್ಣೂರು ಸೀಮೆಯ ಹುಡುಗಿ, ಕೆಲಸ ರೈಲ್ವೆಯಲ್ಲಿ. ‘ನಮ್ಮ ರೈಲ್ವೆ ಹುಡುಗಿ ಕಣಯ್ಯಾ!’ ಎಂದು ನಮ್ಮ ತಂದೆ ಸಾಲುಮನೆಗಳ ಒಂದೊಂದು ಬಾಗಿಲನ್ನೂ ತಟ್ಟಿಕೊಂಡು ಹೋದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. 58.47 ಸೆಕೆಂಡ್. ಕಮಲ್‌ಜೀತ್ ಸಂಧು, ಗೀತಾ ಜುತ್ಶಿ ಇಬ್ಬರನ್ನು ಬಿಟ್ಟರೆ ಏಷ್ಯಾಡ್ ಓಟದಲ್ಲಿ ಒಬ್ಬಳೇ ನಿಂತು ಚಿನ್ನ ಗೆದ್ದ ಭಾರತದ ಹೆಣ್ಣುಮಗಳು ಅಲ್ಲಿಯವರೆಗೆ ಇನ್ನೊಬ್ಬಳಿರಲಿಲ್ಲ.

ಎಂಟುನೂರು ಮೀಟರಿನಲ್ಲಿ ಚಾರ್ಲ್ಸ್ ಬೊರೊಮಿಯೊ, ನಡಿಗೆಯಲ್ಲಿ ಚಾಂದ್ ರಾಮ್, ಗುಂಡೆಸೆತದಲ್ಲಿ ಬಹಾದುರ್ ಸಿಂಗ್, ಕುಸ್ತಿಯಲ್ಲಿ ಸತ್ಪಾಲ್, ಬಾಕ್ಸಿಂಗ್‌ನಲ್ಲಿ ಕೌರ್ ಸಿಂಗ್. ಕುದುರೆ ಸವಾರಿಯಲ್ಲಿ ಮೂರು, ಗಾಲ್ಫ್‌ನಲ್ಲಿ ಎರಡು, ಹಾಯಿದೋಣಿಯಲ್ಲಿ ಒಂದು. ಒಟ್ಟು ಹದಿಮೂರು ಚಿನ್ನ. ನಾನು ಹೇಳಿದ ಲೆಕ್ಕದಲ್ಲಿ ಇನ್ನೂ ಒಂದು ಬಾಕಿ ಇದೆ, ಅದಕ್ಕೆ ಬರುತ್ತೇನೆ.

ಡಿಸೆಂಬರ್ 1. ಹಾಕಿ ಫೈನಲ್. ನ್ಯಾಷನಲ್ ಸ್ಟೇಡಿಯಂ ಕಿಕ್ಕಿರಿದಿತ್ತು, ಪ್ರಧಾನಿ ಇಂದಿರಾ ಗಾಂಧಿಯವರೂ ಬಂದಿದ್ದರು. ಮೊದಲ ಗೋಲು ನಮ್ಮದೇ, ಜಫರ್ ಇಕ್ಬಾಲ್ ಹೊಡೆದದ್ದು. ನಮ್ಮ ಜಗಲಿಯ ಮೇಲೆ ಟ್ರಾನ್ಸಿಸ್ಟರ್ ಸುತ್ತ ಕೂತ ಹದಿನೈದು ಇಪ್ಪತ್ತು ಮಂದಿ ಕುಣಿದದ್ದೇ ಕುಣಿದದ್ದು. ಆಮೇಲೆ ಪಾಕಿಸ್ತಾನ ಒಂದು ಹಾಕಿತು, ಎರಡು ಹಾಕಿತು. ನಾಲ್ಕನೆಯದಕ್ಕೆ ಒಬ್ಬೊಬ್ಬರೇ ಎದ್ದು ಹೋಗತೊಡಗಿದರು. ಏಳನೆಯದಕ್ಕೆ ಜಗಲಿಯ ಮೇಲೆ ಉಳಿದವರು ನಾನು ಮತ್ತು ನಮ್ಮ ತಂದೆ. ಅವರು ರೇಡಿಯೋ ಆರಿಸಲಿಲ್ಲ. ‘ಪೂರ್ತಿ ಕೇಳಬೇಕು, ಅವರು ಪೂರ್ತಿ ಆಡ್ತಾ ಇದಾರಲ್ಲ’ ಅಂದರು.

ಆ ದಿನ ಗೋಲಿನಲ್ಲಿದ್ದವರು ಮೀರ್ ರಂಜನ್ ನೇಗಿ. ದುಡ್ಡು ತಿಂದು ಗೋಲು ಬಿಟ್ಟ ಎಂದು ಜನ ಬಾಯಿಗೆ ಬಂದಂತೆ ಆಡಿದರು. ಹನ್ನೊಂದು ಜನ ಸೋತರು, ಹಳಿದದ್ದು ಒಬ್ಬರನ್ನು. ಇದು ಘೋರ ಅನ್ಯಾಯ, ನನಗೆ ಇದರಲ್ಲಿ ಎರಡನೆಯ ಮಾತಿಲ್ಲ. ಪರದೇಶದಲ್ಲಿ ಸೋತವನು ಮನೆಗೆ ಬಂದು ಬಾಗಿಲು ಹಾಕಿಕೊಳ್ಳಬಹುದು, ಮನೆಯಲ್ಲೇ ಸೋತವನು ಎಲ್ಲಿಗೆ ಹೋಗಬೇಕು? ನೇಗಿ ವರ್ಷಗಟ್ಟಲೆ ಹಾಕಿಯಿಂದ ದೂರ ಇದ್ದರು. 1998ರಲ್ಲಿ ಭಾರತ ಬ್ಯಾಂಕಾಕಿನಲ್ಲಿ ಹಾಕಿ ಚಿನ್ನ ಗೆದ್ದಾಗ ಗೋಲ್‌ಕೀಪರುಗಳನ್ನು ಪಳಗಿಸಿದವರು ಅವರೇ. 2002ರಲ್ಲಿ ಮ್ಯಾಂಚೆಸ್ಟರಿನ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದ ಮಹಿಳಾ ತಂಡದ ಜೊತೆಗೂ ಇದ್ದರು. ‘ಚಕ್ ದೇ ಇಂಡಿಯಾ’ ಸಿನಿಮಾದ ಹುಡುಗಿಯರಿಗೆ ಹಾಕಿ ಕಲಿಸಿದವರೂ ಅವರೇ.

ಈಗ ಆ ಹದಿಮೂರನೆಯ ಚಿನ್ನ. ಅದೇ 1982ರಲ್ಲಿ ಏಷ್ಯಾಡ್‌ಗೆ ಮಹಿಳಾ ಹಾಕಿ ಮೊದಲ ಸಲ ಬಂತು. ಎಲೈಜಾ ನೆಲ್ಸನ್ ನಾಯಕತ್ವದ ನಮ್ಮ ಹೆಣ್ಣುಮಕ್ಕಳು ಚಿನ್ನ ಗೆದ್ದರು. ಅದೇ ಊರು, ಅದೇ ಕೂಟ, ಅದೇ ಆಟ. ಏಳು–ಒಂದು ಅನ್ನುವುದನ್ನು ನಲವತ್ತು ವರ್ಷದಿಂದ ಬಾಯಿಪಾಠ ಮಾಡಿರುವ ನಾವು ಈ ಗೆಲುವನ್ನು ಬಾಯಲ್ಲಿ ಆಡಿದ್ದೇ ಇಲ್ಲ.

ಸಚಿನ್ ನಾಗ್ ಅವರು 1987ರಲ್ಲಿ ತೀರಿಕೊಂಡರು. ಕಲ್ಕತ್ತೆಯಲ್ಲಿ ಎಷ್ಟೋ ಮಕ್ಕಳು ಅವರ ಹೆಸರು ಕೇಳಿಕೊಂಡೇ ನೀರಿಗಿಳಿದರು, ಆದರೆ ಬದುಕಿದ್ದಾಗ ದೇಶದ ದೊಡ್ಡ ಕ್ರೀಡಾಪ್ರಶಸ್ತಿ ಯಾವುದೂ ಅವರ ಬಳಿ ಬರಲಿಲ್ಲ. ಧ್ಯಾನ್ ಚಂದ್ ಪ್ರಶಸ್ತಿ ಬಂದದ್ದು 2020ರಲ್ಲಿ, ತೀರಿಕೊಂಡು ಮೂವತ್ಮೂರು ವರ್ಷಕ್ಕೆ. ಇಂದು ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಅದೇ ನೂರು ಮೀಟರನ್ನು 50 ಸೆಕೆಂಡಿನ ಒಳಗೆ ಈಜುತ್ತಾರೆ. ಆದರೂ 1951ರ ಆ ಮಾರ್ಚಿನಿಂದ 2023ರ ಹಾಂಗ್‌ಝೌ ಕೂಟದವರೆಗೆ, ಏಷ್ಯಾಡ್ ಈಜಿನಲ್ಲಿ ಭಾರತಕ್ಕೆ ಬಂದಿರುವ ಚಿನ್ನ ಅದೊಂದೇ.