ಮಂಡಿ ಊದಿದ್ರೆ ಎಲ್ಲಾ ವಾತ ಅಲ್ಲ

ಇವತ್ತು ರಾಜಕೀಯ ಬೇಡ, ಒಂದು ಮಂಡಿಯ ಕಥೆ ಹೇಳ್ತೀನಿ.

ನಮ್ಮ ಚಿಕ್ಕಪ್ಪ ಉಡುಪಿ ಕಡೆಯ ಕೃಷಿಕರು. ಹತ್ತು ವರ್ಷದಿಂದ ಶುಗರ್ ಇದೆ. ಜುಲೈನಲ್ಲಿ ನಾಟಿ ಮುಗಿಸಿದ ಮೇಲೆ ಬಲ ಮಂಡಿ ಊದಿತು. ಮುಟ್ಟಿದರೆ ಬಿಸಿ, ರಾತ್ರಿಯಾದರೆ ಜ್ವರ. ಮನೆಯವರು ವಾತ ಅಂತ ಎಣ್ಣೆ ತಿಕ್ಕಿದರು. ಒಂದು ಆಸ್ಪತ್ರೆಯಲ್ಲಿ ಮಂಡಿಗೇ ಸ್ಟೆರಾಯ್ಡ್ ಕೊಟ್ಟರು. ಇನ್ನೊಂದು ಕಡೆ ಟಿಬಿ ಇರಬಹುದು ಅಂದರು. ಒಂದೂವರೆ ತಿಂಗಳು ಹೋಯ್ತು.

ಕೊನೆಗೆ ಒಬ್ಬ ವೈದ್ಯೆ ಕೇಳಿದ್ದು ಇಷ್ಟೇ: "ಮಳೆಗಾಲದಲ್ಲಿ ಗದ್ದೆಗೆ ಇಳಿದಿದ್ರಾ?" ಮಂಡಿಯೊಳಗಿನ ನೀರು ತೆಗೆಸಿ ಕಲ್ಚರ್‌ಗೆ ಕಳಿಸಿದರು. ಸಿಕ್ಕಿದ್ದು ಮೆಲಿಯಾಯ್ಡೋಸಿಸ್.

ಹೆಸರು ಹೊಸದು, ರೋಗ ಹಳೆಯದು. 1912ರಲ್ಲೇ ರಂಗೂನಿನಿಂದ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಇದನ್ನು ವರದಿ ಮಾಡಿದ್ದರು. ಬರ್ಕೋಲ್ಡೇರಿಯಾ ಸೂಡೋಮಲ್ಲೈ ಎಂಬ ಈ ಬ್ಯಾಕ್ಟೀರಿಯಾ ಮಣ್ಣಲ್ಲಿ, ನಿಂತ ನೀರಲ್ಲಿ ಇರುತ್ತೆ. ಚರ್ಮದ ಗಾಯದಿಂದ, ಉಸಿರಿನಿಂದ ಒಳಗೆ ಬರುತ್ತೆ. ಗಟ್ಟಿಮುಟ್ಟಾದವರಲ್ಲಿ ಸಾಮಾನ್ಯವಾಗಿ ಸುಮ್ಮನಿರುತ್ತೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ವಿಪರೀತ ಕುಡಿತ, ದೀರ್ಘಕಾಲದ ಸ್ಟೆರಾಯ್ಡ್ ಇದ್ದವರನ್ನು ಹಿಡಿಯುತ್ತೆ. ಹೆಚ್ಚಾಗಿ ಶ್ವಾಸಕೋಶಕ್ಕೆ, ಕೆಲವರಲ್ಲಿ ಕೀಲಿಗೆ, ಮೂಳೆಗೆ. ನಮ್ಮ ಕರಾವಳಿಯಲ್ಲಿ ಮಣಿಪಾಲ, ಮಂಗಳೂರಿನ ವೈದ್ಯರು ವರ್ಷಗಳಿಂದ ಇಂಥ ರೋಗಿಗಳನ್ನು ನೋಡುತ್ತಾ ಬಂದಿದ್ದಾರೆ.

ತೊಂದರೆ ಏನು ಗೊತ್ತಾ? ಸಾಮಾನ್ಯವಾಗಿ ಕೊಡುವ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಇದು ಜಗ್ಗಲ್ಲ. ಸೆಫ್ಟಾಜಿಡೀಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ವಾರಗಟ್ಟಲೆ ಬೇಕು, ಆಮೇಲೆ ಕನಿಷ್ಠ ಮೂರು ತಿಂಗಳು ಮಾತ್ರೆ. ಆರಾಮಾಯ್ತು ಅಂತ ನಡುವೆ ಬಿಟ್ಟರೆ ಮತ್ತೆ ಬರಬಹುದು.

ಡೆಂಗಿ ಬಂದಾಗ ನಾನೇ ಈ ಕುರ್ಚಿಯಲ್ಲಿ ಕೂತು ದಿನಾ ಲೆಕ್ಕ ಓದ್ತೀನಿ. ಈ ರೋಗದ ಹೆಸರನ್ನು ಚಿಕ್ಕಪ್ಪ ಹಾಸಿಗೆ ಹಿಡಿಯೋವರೆಗೆ ಒಂದು ಸಲವೂ ಹೇಳಿರಲಿಲ್ಲ. ಅದು ನನ್ನ ತಪ್ಪು.

ಗದ್ದೆಗೆ ಇಳೀಬೇಡಿ ಅಂತ ನಾನು ಹೇಳಲಾರೆ. ಇಳಿಯದಿದ್ರೆ ಅನ್ನ ಎಲ್ಲಿಂದ ಬರಬೇಕು? ಶುಗರ್ ಇದ್ದವರು ಗಾಯ ಮುಚ್ಚಿಕೊಳ್ಳಿ, ಬೂಟು ಹಾಕಿಕೊಳ್ಳಿ. ಕೀಲು ಊದಿ ಜ್ವರ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಶುಗರ್ ಇದೆ, ಕೆಸರಲ್ಲಿ ಕೆಲಸ ಮಾಡಿದ್ದೀನಿ ಅಂತ ಅವರು ಕೇಳದಿದ್ರೂ ಹೇಳಿ. ನೀರು ತೆಗೆದು ಕಲ್ಚರ್ ಮಾಡಿಸಬೇಕಾ ಅಂತ ಕೇಳಿ. ಕೇಳೋದು ಅಧಿಕಪ್ರಸಂಗ ಅಲ್ಲ.

ಚಿಕ್ಕಪ್ಪ ಈಗ ನಡೀತಾರೆ. ಆದರೆ ಮಂಡಿ ಪೂರ್ತಿ ಮಡಚಲ್ಲ; ಊಟಕ್ಕೆ ನೆಲದ ಮೇಲೆ ಕೂರೋಕಾಗಲ್ಲ. ಆ ಒಂದೂವರೆ ತಿಂಗಳು ಉಳಿದಿದ್ರೆ ಬಹುಶಃ ಕೂರ್ತಿದ್ರು.