ನಡುವಿಗೆ ಕಡಿದರೆ ನ್ಯಾಯವೇ?



ಮುಷ್ಕರದ ದಿನಗಳಲ್ಲಿ ಕೂಲಿಕಾರನಿಗೆ ಅಕ್ಕಿ ಉದ್ರಿ ಬೇಕು. ಅಂಗಡಿಯವನಿಗೆ ಹಳೆಯ ಬಾಕಿ ಬರಬೇಕು. ಇಬ್ಬರದೂ ಹೊಟ್ಟೆಯ ಪ್ರಶ್ನೆಯೇ. ಇಂಥಲ್ಲಿ ನ್ಯಾಯ ಹೇಳುವುದು ಹೇಗೆ?

ಎಲ್ಲರ ಸುಖದುಃಖ ಕೂಡಿಸಿ, ಹೆಚ್ಚು ಸುಖವಿರುವ ದಾರಿ ಹಿಡಿಯಬೇಕೆಂದ ಇಂಗ್ಲೆಂಡಿನ ಬೆಂಥಾಮ್. ಆದರೆ ಹತ್ತು ಜನರ ಸುಖಕ್ಕಾಗಿ ಒಬ್ಬನ ಹೊಟ್ಟೆಯ ಮೇಲೆ ಹೊಡೆಯುವುದನ್ನೂ ಆ ಲೆಕ್ಕ ಒಪ್ಪೀತು. ಜರ್ಮನಿಯ ಕಾಂಟನ ಮಾತು ಬೇರೆ: ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಕೂಡದು.

1918ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರು ಪ್ಲೇಗ್ ಬೋನಸ್ಸನ್ನು ನಿಲ್ಲಿಸಿದರು. ಕೂಲಿಕಾರರು ಕೇಳಿದ್ದು ಶೇಕಡಾ 50 ಹೆಚ್ಚಳ. ಮಾಲೀಕರು ಒಪ್ಪಿದ್ದು 20. ಗಾಂಧೀಜಿಯವರು 35 ಎಂದರು. ಇದು ಸಂತೆಯ ಚೌಕಾಸಿಯಂತೆ ನಡುವಿಗೆ ಕಡಿದದ್ದಲ್ಲ. ಎರಡೂ ಕಡೆಯ ಸ್ಥಿತಿ ವಿಚಾರಿಸಿ ತೆಗೆದ ಅಂಕಿ. ಮಧ್ಯಸ್ಥರಾದ ಆನಂದಶಂಕರ ಧ್ರುವರ ತೀರ್ಪೂ 35 ಎಂದೇ ಬಂತು.

ಆದರೂ ಗಾಂಧೀಜಿ ಬೀಗಲಿಲ್ಲ. ಕೂಲಿಕಾರರ ಪಣ ಉಳಿಸಲು ತಾವು ಮಾಡಿದ ಮೂರು ದಿನದ ಉಪವಾಸದಲ್ಲಿ ದೋಷವಿತ್ತು, ಸ್ನೇಹಿತರಾದ ಮಾಲೀಕರ ಮೇಲೆ ಅದು ಒತ್ತಡ ಹೇರಿತು ಎಂದು ಒಪ್ಪಿಕೊಂಡರು. ಬೇಡಿಕೆಯನ್ನು ತೂಗಿದ ತಕ್ಕಡಿಯಲ್ಲೇ ತಮ್ಮನ್ನೂ ತೂಗಿಕೊಂಡರು.

ನಾವೂ ಹಾಗೆಯೇ ಮಾಡೋಣ. ಕೂಲಿಕಾರನ ಮನೆಖರ್ಚು, ಅಂಗಡಿಯವನ ಬಾಕಿ, ಎರಡೂ ಒಂದೇ ಜಮಖಾನದ ಮೇಲೆ ಬರಲಿ. ಆಮೇಲೆ ತೂಗೋಣ.